ಕಾಲು ಕಾಣಲಿ, ಮುಖ ಬೇಡ: ಬಾಲಮಂದಿರದ ಹಿತ್ತಲಲ್ಲಿ ಒಂದು ಕೂರುವ ಜಾಗ

ಬಾಲಮಂದಿರವೊಂದರ ಹಿತ್ತಲಲ್ಲಿ ಅಲ್ಲಿನ ಹುಡುಗ ಹುಡುಗಿಯರೇ ಒಂದು ಕೂರುವ ಜಾಗ ಕಟ್ಟಿಕೊಂಡಿದ್ದಾರೆ. ಆ ಕೆಲಸ ಹೇಗೆ ನಡೆಯಿತು ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಮರಗೆಲಸದವನು. ಉಪಕರಣ ಹಿಡಿಯುವುದನ್ನು ಹೇಳಿಕೊಡುವುದು, ಅಪಾಯ ಕಂಡರೆ ನಿಲ್ಲಿಸುವುದು, ಇಷ್ಟೇ ನನ್ನ ಪಾಲು. ಏನು ಕಟ್ಟಬೇಕು, ಎಲ್ಲಿ ಕಟ್ಟಬೇಕು ಅನ್ನುವುದು ಅವರದು. ಎಲ್ಲರೂ 10ರಿಂದ 17 ವರ್ಷದೊಳಗಿನವರು.

ಹೆಸರು, ಫೋಟೋ ಯಾವುದೂ ಇಲ್ಲಿಲ್ಲ. ಇಂಥ ಮನೆಗಳಲ್ಲಿರುವ ಕೆಲವು ಮಕ್ಕಳನ್ನು ಹುಡುಕಬಾರದವರು ಹುಡುಕುತ್ತಿರುತ್ತಾರೆ. ಹಿಂದೆ ಕಾಣುವ ಗೋಡೆಯೊಂದು ಸಾಕು, ಜಾಗ ಪತ್ತೆಯಾಗಿಬಿಡುತ್ತದೆ. ಅಳತೆಗಳನ್ನು ಮಾತ್ರ ಏನೂ ಮುಚ್ಚಿಡದೆ ಕೊಟ್ಟಿದ್ದೇನೆ.

ಕೇಳಿದ ರೀತಿ

ಹಿತ್ತಲು ಸುಮಾರು 9 ಮೀಟರ್ ಉದ್ದ, 6 ಮೀಟರ್ ಅಗಲ. ಒಂದು ಪಕ್ಕ ಉಗ್ರಾಣದ ಗೋಡೆ, ಅದಕ್ಕೆ ಕಿಟಕಿ ಇಲ್ಲ. ಎದುರಿಗೆ ಕಾಂಪೌಂಡು. ಮೂಲೆಯಲ್ಲಿ ಮಳೆ ಬಂದರೆ ನೀರು ನಿಲ್ಲುತ್ತದೆ. ಮೊದಲು ಸಿಬ್ಬಂದಿ ಒಂದು ಹಾಳೆ ಹಂಚಿ 'ನಿಮಗೆ ಏನು ಬೇಕು' ಅಂತ ಬರೆಯಲು ಹೇಳಿದ್ದರಂತೆ. ಈಜುಕೊಳ, ರೋಲರ್ ಕೋಸ್ಟರ್ ಅಂತ ಬರೆದುಕೊಟ್ಟಿದ್ದಾರೆ. ಸಹಜ ಅಲ್ವಾ? ಹಾಳೆ ಎಲ್ಲಿಗೆ ಹೋಗುತ್ತದೆ ಅಂತ ಆ ಮಕ್ಕಳಿಗೆ ಚೆನ್ನಾಗಿ ಗೊತ್ತು. ರೋಜರ್ ಹಾರ್ಟ್ ಅನ್ನುವವರು 1992ರಲ್ಲಿ ಯುನಿಸೆಫ್‌ಗಾಗಿ ಮಕ್ಕಳ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲಿನ ಏಣಿಯೊಂದನ್ನು ಬರೆದರು. ಕೆಳಗಿನ ಮೂರು ಮೆಟ್ಟಿಲುಗಳಿಗೆ ಅವರ ಲೆಕ್ಕದಲ್ಲಿ ಪಾಲ್ಗೊಳ್ಳುವಿಕೆ ಅನ್ನುವ ಹೆಸರೇ ಸಲ್ಲದು: ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಕೇಳುವುದು. ಆ ಹಾಳೆ ಮೂರನೇ ಮೆಟ್ಟಿಲು ದಾಟಿರಲಿಲ್ಲ.

ನಾವು ಪ್ರಶ್ನೆ ಬದಲಾಯಿಸಿದೆವು. 'ಈಗ ನೀವು ಎಲ್ಲಿ ಹೋಗಿ ಕೂರ್ತೀರಿ, ತೋರಿಸಿ' ಅಂದೆವು. ಒಬ್ಬೊಬ್ಬರೇ ಕರೆದುಕೊಂಡು ಹೋಗಿ ತೋರಿಸಿದರು. ಮೆಟ್ಟಿಲ ಕೆಳಗಿನ ಸಂದಿ. ನೀರಿನ ಟ್ಯಾಂಕಿನ ಹಿಂದೆ. ಒಣಗಲು ಹಾಕಿದ ಬಟ್ಟೆಗಳ ನಡುವೆ. ಇನ್ನೂ ಎರಡು ಜಾಗ ತೋರಿಸಿ ವಾರ್ಡನ್‌ಗೆ ಹೇಳಬೇಡಿ ಅಂದರು, ಹೇಳಿಲ್ಲ. ಎಲ್ಲ ಜಾಗಕ್ಕೂ ಮೂರು ಗುಣ ಇದ್ದವು. ಬೆನ್ನಿಗೆ ಏನಾದರೂ ಗಟ್ಟಿ ಇರುತ್ತದೆ. ಬರುವವರು ಮೊದಲೇ ಕಾಣುತ್ತಾರೆ. ಎದ್ದು ಹೋಗಲು ಎರಡು ದಾರಿ ಇರುತ್ತವೆ. ಈ ಮೂರನೆಯದು ನನಗೆ ಹೊಳೆದೇ ಇರಲಿಲ್ಲ. ಒಂದೇ ಬಾಗಿಲಿನ ಪುಟ್ಟ ಗುಡಿಸಲು ಕಟ್ಟಿದರೆ ಹೇಗೆ ಅಂತ ಯಾರೋ ಕೇಳಿದಾಗ ದೊಡ್ಡ ಹುಡುಗಿ ತಲೆಯಾಡಿಸಿದಳು. "ಬಾಗಿಲಲ್ಲಿ ಯಾರಾದ್ರೂ ನಿಂತುಬಿಟ್ರೆ?" ಅಷ್ಟಕ್ಕೆ ಗುಡಿಸಲ ಮಾತು ಮುಗಿಯಿತು.

ಹಾಗಾಗಿ ನಕ್ಷೆ ಹೀಗಾಯಿತು: ಉಗ್ರಾಣದ ಗೋಡೆಗೆ ಬೆನ್ನು ಕೊಟ್ಟು ಒಂದು ಉದ್ದ ಬೆಂಚು. ಅದರ ಮುಂದೆ ಒಂದೂಕಾಲು ಮೀಟರ್ ಬಿಟ್ಟು ಮರೆ. ಎರಡು ತುದಿಯೂ ತೆರೆದಿರಬೇಕು. ಕಾಂಪೌಂಡಿಗೆ ತಾಗಿಸಿ ಹಾಕಿದ್ದರೆ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಆದರೆ ಬೆಂಚು ಗೋಡೆ ಹತ್ತಲು ಮೆಟ್ಟಿಲಾಗುತ್ತದೆ ಅಂತ ವಾರ್ಡನ್ ಒಪ್ಪಲಿಲ್ಲ. ಮಾತು ನ್ಯಾಯವಾದದ್ದೇ.

ಕೆಲಸಕ್ಕೆ ಮುಂಚೆ ಎರಡು ಕಟ್ಟಳೆ

ಒಂದು, ಶಿಕ್ಷೆಯಾಗಿ ಯಾರನ್ನೂ ಈ ಕೆಲಸಕ್ಕೆ ಕಳಿಸುವಂತಿಲ್ಲ. ಇದನ್ನು ಬಹುಮಾನ ಮಾಡಿಕೊಂಡು ಯಾರನ್ನೂ ಇದರಿಂದ ತಡೆಯುವಂತೆಯೂ ಇಲ್ಲ. ಬೆಳಿಗ್ಗೆ ಜಗಳ ಆಡಿದವನು ಮಧ್ಯಾಹ್ನ ಬಂದು ಗುಂಡಿ ತೋಡಬಹುದು. ಬೇಡವೆನಿಸಿದರೆ ಸುಮ್ನೆ ಕೂತು ನೋಡಬಹುದು.

ಎರಡು, ಉಪಕರಣದ ಹಲಗೆ. ದೊಡ್ಡ ಪ್ಲೈವುಡ್ ಹಲಗೆ ನಿಲ್ಲಿಸಿ, ಪ್ರತಿ ಉಪಕರಣವನ್ನೂ ಅದರ ಮೇಲಿಟ್ಟು ಸುತ್ತ ಗೆರೆ ಎಳೆದೆವು. ಗರಗಸ, ಉಳಿ, ಸುತ್ತಿಗೆ, ಸ್ಪ್ಯಾನರ್, ಎಲ್ಲದಕ್ಕೂ ಅದರದೇ ಆಕಾರ. ಗೆರೆಗಳನ್ನು ಎಳೆದವರು ಅವರೇ. ಸಂಜೆ ಹಲಗೆಯಲ್ಲಿ ಖಾಲಿ ಆಕಾರ ಕಂಡರೆ ಅದು ಸಿಗುವ ತನಕ ಯಾರೂ ಹಿತ್ತಲು ಬಿಡುವುದಿಲ್ಲ. ಬ್ಲೇಡು ಮುರಿದರೆ ಎರಡು ತುಂಡೂ ಡಬ್ಬಿಗೆ ಬರಬೇಕು. ಇಂಥ ಮನೆಯಲ್ಲಿ ಇದು ಯಾಕೆ ಮುಖ್ಯ ಅಂತ ಬಿಡಿಸಿ ಹೇಳಬೇಕಿಲ್ಲ. ದಿನಾ ಕಿಸೆ ತಡಕುವುದಕ್ಕಿಂತ ಇದು ಎಷ್ಟೋ ವಾಸಿ. ಲೆಕ್ಕ ಹಲಗೆಯದು, ಮಕ್ಕಳದ್ದಲ್ಲ.

ಬೆಡ್‌ಶೀಟ್ ಕಟ್ಟಿ ಎತ್ತರ ಗೊತ್ತು ಮಾಡಿದ್ದು

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಮರೆಯ ಎತ್ತರ. ಇನ್ನೂ ಒಂದು ಗುಂಡಿಯೂ ತೋಡಿರಲಿಲ್ಲ. ಎರಡು ಕೋಲು ನೆಟ್ಟು, ಹಗ್ಗ ಕಟ್ಟಿ, ಹಳೇ ಬೆಡ್‌ಶೀಟ್ ಇಳಿಬಿಟ್ಟೆವು. ಹಿಂದೆ ಕುರ್ಚಿ ಹಾಕಿ ಒಬ್ಬರು ಕೂತರು. ಸಿಬ್ಬಂದಿ ಅಡುಗೆಮನೆ ಕಿಟಕಿ, ಹಿಂಬಾಗಿಲು, ಮೇಲಿನ ವರಾಂಡ, ಮೂರು ಕಡೆಯಿಂದ ನೋಡಿದರು.

ಮಕ್ಕಳು ಕೇಳಿದ್ದು 150 ಸೆಂಟಿಮೀಟರ್. ರಾತ್ರಿ ಪಾಳಿಯ ಸಿಬ್ಬಂದಿ 60ಕ್ಕಿಂತ ಮೇಲೆ ಬೇಡ ಅಂದರು. ಇಬ್ಬರದ್ದೂ ಸರಿ, ಅದೇ ಕಷ್ಟ. ಮಕ್ಕಳ ಹಕ್ಕುಗಳ ಬಗೆಗಿನ 1989ರ ವಿಶ್ವಸಂಸ್ಥೆಯ ಒಡಂಬಡಿಕೆಯ 31ನೇ ವಿಧಿ ಆಟ, ವಿಶ್ರಾಂತಿಯ ಹಕ್ಕು ಹೇಳುತ್ತದೆ. 16ನೇ ವಿಧಿ ಖಾಸಗಿತನದ್ದು. ಅದೇ ಒಡಂಬಡಿಕೆಯ 19ನೇ ವಿಧಿ ಮಕ್ಕಳನ್ನು ಹಿಂಸೆಯಿಂದ ಕಾಯಬೇಕು ಅನ್ನುತ್ತದೆ. ಕಾಯಬೇಕಾದವರಿಗೆ ಕಣ್ಣಿಗೆ ಕಾಣಬೇಕು. ಕಾಯಿಸಿಕೊಳ್ಳುವವರಿಗೆ ಸ್ವಲ್ಪ ಹೊತ್ತಾದರೂ ಯಾರ ಕಣ್ಣಿಗೂ ಬೀಳದೆ ಇರಬೇಕು. ಅಲ್ಲಿ ಮಲಗುವ ಕೋಣೆಯಲ್ಲಿ ಒಬ್ಬರೇ ಇರುವುದಿಲ್ಲ, ಊಟಕ್ಕೆ ಒಬ್ಬರೇ ಕೂರುವುದಿಲ್ಲ ಅನ್ನುವುದನ್ನು ಮರೆಯಬಾರದು.

ಹಗ್ಗ ಏರಿಸಿ ಇಳಿಸಿ ನೋಡಿದೆವು. 110ಕ್ಕೆ ನಿಲ್ಲಿಸಿದರೆ ಕೂತ ದೊಡ್ಡ ಮಕ್ಕಳ ತಲೆಗೂದಲು ಮಾತ್ರ ಕಾಣುತ್ತಿತ್ತು. ಚಿಕ್ಕವರು ಪೂರ್ತಿ ಮಾಯ. ದೂರದಿಂದ ನಿಂತು ನೋಡುವವರ ದೃಷ್ಟಿ ಮರೆ ದಾಟಿ ಹೆಚ್ಚು ಕೆಳಗೆ ಇಳಿಯುವುದಿಲ್ಲ. ಇನ್ನೂ ಇಳಿಸಿದರೆ ದೊಡ್ಡವರ ಮುಖವೆಲ್ಲ ಬಯಲು. ಮಾತು ಅಲ್ಲೇ ಸಿಕ್ಕಿಕೊಂಡಿತು. ಆಗ ಕೂತಿದ್ದ ಹನ್ನೊಂದರ ಹುಡುಗ ಕಾಲಿನಿಂದ ಬೆಡ್‌ಶೀಟಿನ ಕೆಳತುದಿ ಎತ್ತಿ ಪಾದ ಅಲ್ಲಾಡಿಸಿದ. "ಅಣ್ಣಾ, ಕಾಲು ಕಾಣ್ಲಿ ಬಿಡಿ. ಕಾಲು ಯಾರು ನೋಡಿದ್ರೆ ಏನು?"

ಅಷ್ಟೇ ಬೇಕಾಗಿದ್ದದ್ದು. ಮರೆಯ ಕೆಳಗೆ ತೆರಪು ಬಿಟ್ಟರೆ ಒಳಗೆ ಯಾರಾದರೂ ಇದ್ದಾರಾ, ಒಬ್ಬರಾ ಇಬ್ಬರಾ, ಕೂತಿದ್ದಾರಾ ಬಿದ್ದಿದ್ದಾರಾ, ಎಲ್ಲ ತಿಳಿಯುತ್ತದೆ. ಅಳುತ್ತಿದ್ದಾರಾ ಅನ್ನುವುದು ತಿಳಿಯುವುದಿಲ್ಲ. ರಾತ್ರಿ ಪಾಳಿಯವರೂ ಒಪ್ಪಿದರು.

ತೆರಪು ಎಷ್ಟಿರಬೇಕು ಅನ್ನುವುದಕ್ಕೆ ಮಾತ್ರ ನಾನು ಪಟ್ಟು ಹಿಡಿದೆ. ಆಟದ ಸಲಕರಣೆಗಳಿಗಿರುವ ಯುರೋಪಿನ ಇಎನ್ 1176 ಮಾನದಂಡದಲ್ಲಿ 89ರಿಂದ 230 ಮಿಲಿಮೀಟರ್ ನಡುವಿನ ಕಂಡಿ ಅಪಾಯದ್ದು. ಚಿಕ್ಕ ಮಗುವಿನ ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ನೆಲಕ್ಕೆ ತಾಗಿದ ಸಂದಿಗೆ ನಿಯಮ ಅಷ್ಟು ಬಿಗಿಯಲ್ಲ, ಆದರೂ ನಾವು ಅದನ್ನೇ ಹಿಡಿದೆವು. 25 ಸೆಂಟಿಮೀಟರ್ ತೆರಪು, ಅದರ ಮೇಲೆ 85 ಸೆಂಟಿಮೀಟರ್ ಮರೆ. ಒಟ್ಟು 110. ಬೆಂಚಿನ ಎತ್ತರ 35. ಸಾಮಾನ್ಯ ಕುರ್ಚಿಗಿಂತ ಇದು ತಗ್ಗು, ಆದರೆ ಚಿಕ್ಕವರ ಕಾಲು ನೆಲಕ್ಕೆ ತಾಗುತ್ತದೆ.

ಗುರುತು ಹಾಕಿ ಕಂಬ ನೆಟ್ಟದ್ದು

ಮೂಲೆ ನೇರ ಮಾಡಲು ಹಗ್ಗದಲ್ಲಿ 90, 120, 150 ಸೆಂಟಿಮೀಟರಿಗೆ ಗಂಟು ಹಾಕಿ ತ್ರಿಕೋನ ಎಳೆದೆವು. ಮೂರು, ನಾಲ್ಕು, ಐದರ ಹಳೇ ಲೆಕ್ಕ. ಯಾರೂ ನಂಬಲಿಲ್ಲ. ಚೌಕದ ಎರಡು ಕರ್ಣ ಅಳೆದು, ಎರಡೂ ಒಂದೇ ಬಂದ ಮೇಲೆ ನಂಬಿದರು. ನನ್ನ ಮಾತಿಗಿಂತ ಟೇಪಿನ ಮೇಲೆ ಅವರಿಗೆ ನಂಬಿಕೆ ಜಾಸ್ತಿ. ಇರಲಿ, ಒಳ್ಳೆಯದೇ.

ಮಟ್ಟ ನೋಡಲು ಪಾರದರ್ಶಕ ಪೈಪಿನಲ್ಲಿ ಬಣ್ಣದ ನೀರು ತುಂಬಿಸಿದೆವು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಳಗೆ ಗಾಳಿಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ, ಅದನ್ನು ಬೆರಳಿಂದ ತಟ್ಟಿ ತಟ್ಟಿ ಓಡಿಸುವುದು ಚಿಕ್ಕವರಿಗೆ ಬಹಳ ಇಷ್ಟದ ಕೆಲಸವಾಯಿತು. ಹಿತ್ತಲು ಉಗ್ರಾಣದ ಕಡೆಗೇ ವಾಲಿತ್ತು. ಅದಕ್ಕೇ ನೀರು ನಿಲ್ಲುತ್ತಿದ್ದದ್ದು. ಗೋಡೆಯಿಂದ ಆಚೆಗೆ ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು ಬರುವಂತೆ ಮಣ್ಣು ಕೆತ್ತಿ ಸರಿಮಾಡಿದೆವು.

ಕಂಬಗಳು 10ಕ್ಕೆ 10 ಸೆಂಟಿಮೀಟರ್ ಮರದವು, ಉದ್ದ 180. ಮೂರರಲ್ಲಿ ಒಂದು ಪಾಲು, ಅಂದರೆ 60 ಸೆಂಟಿಮೀಟರ್, ನೆಲದೊಳಗೆ. ನಾಲ್ಕು ಕಂಬ, ನಡುವೆ ಒಂದೂವರೆ ಮೀಟರಿನ ಮೂರು ಅಂಕಣ. ಗುಂಡಿಯನ್ನು 70 ಸೆಂಟಿಮೀಟರ್ ತೋಡಿ, ತಳಕ್ಕೆ 10 ಸೆಂಟಿಮೀಟರ್ ಜಲ್ಲಿ ಹಾಕಿದೆವು. ಕಂಬದ ಬುಡದಲ್ಲಿ ನೀರು ನಿಲ್ಲದೆ ಇಳಿಯಲು ಅದು. ಕಾಂಕ್ರೀಟ್ ಹಾಕಲಿಲ್ಲ. ಮರ ಒಣಗಿ ಕುಗ್ಗಿದಾಗ ಕಾಂಕ್ರೀಟಿಗೂ ಮರಕ್ಕೂ ನಡುವೆ ಸಂದಿ ಬಿಡುತ್ತದೆ, ಅಲ್ಲಿ ನೀರು ಸೇರಿ ಬುಡ ಕೊಳೆಯುತ್ತದೆ. ಇನ್ನೊಂದು ಕಾರಣ ಮುಂದೆ ಹೇಳುತ್ತೇನೆ.

ಮಣ್ಣನ್ನು 15 ಸೆಂಟಿಮೀಟರಿನ ಪದರಗಳಲ್ಲಿ ಹಾಕಿ ಹಾರೆಯ ಮೊಂಡುತುದಿಯಿಂದ ಜಡಿಯಬೇಕು. ಇಬ್ಬರು ಎದುರುಬದುರು ನಿಂತು ಸರದಿಯಲ್ಲಿ ಜಡಿದರು. ಮೂರನೆಯವರು ತೂಗುಗುಂಡು ಹಿಡಿದು ಕಂಬ ನೇರ ಇದೆಯಾ ಅಂತ ಎರಡು ಪಕ್ಕದಿಂದ ನೋಡುತ್ತಿದ್ದರು. ಮೊದಲು 'ದಪ್ ದಪ್' ಅನ್ನುವ ಮಣ್ಣು ಗಟ್ಟಿಯಾದಂತೆ ಬೇರೆ ದನಿ ಕೊಡುತ್ತದೆ, ಹಾರೆ ಪುಟಿಯುತ್ತದೆ, ಅಂಗೈಗೆ ಜುಮ್ ಅನ್ನಿಸುತ್ತದೆ. ಆಗ ಮುಂದಿನ ಪದರ. ಕೊನೆಗೆ ಕಂಬದ ಸುತ್ತ ಮಣ್ಣನ್ನು ಸ್ವಲ್ಪ ಏರಿಸಿ, ನೀರು ಹೊರಕ್ಕೆ ಹರಿಯುವಂತೆ ಒತ್ತಿದೆವು. ಎಲ್ಲರೂ ಸರದಿಯಲ್ಲಿ ಕಂಬ ತಳ್ಳಿ ನೋಡಿದರು. ಒಬ್ಬ ಜೋತುಬಿದ್ದೂ ನೋಡಿದ.

ಹಲಗೆ ಆರಿಸಿದ್ದು, ಬೋಲ್ಟ್ ಹಾಕಿದ್ದು

ಮರೆಗೂ ಬೆಂಚಿಗೂ ಹಳೇ ಪ್ಯಾಲೆಟ್ ಬಿಚ್ಚಿದ ಹಲಗೆ. ಪ್ಯಾಲೆಟ್ ತರುವಾಗ ಮುದ್ರೆ ನೋಡಲೇಬೇಕು. ದೇಶದಿಂದ ದೇಶಕ್ಕೆ ಹೋಗುವ ಮರದ ಪ್ಯಾಕಿಂಗಿಗೆ ಐಎಸ್‌ಪಿಎಂ 15 ಅನ್ನುವ ನಿಯಮವಿದೆ, ಹುಳು ಸಾಗಿ ಹೋಗದಿರಲೆಂದು. ತೆನೆಯ ಗುರುತಿನ ಪಕ್ಕ 'ಎಚ್‌ಟಿ' ಅಂತ ಇದ್ದರೆ ಶಾಖ ಕೊಟ್ಟದ್ದು, ತರಬಹುದು. 'ಎಂಬಿ' ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದು, ಬೇಡ. ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇದ್ದರೂ ಬೇಡ. ಹಳೇ ಬಣ್ಣ ಬಳಿದ ಹಲಗೆ ಅಂತೂ ಹತ್ತಿರಕ್ಕೂ ಬೇಡ. ಬಣ್ಣದಲ್ಲಿ ಸೀಸ ಇದ್ದರೆ ಉಜ್ಜುವಾಗ ಧೂಳಾಗಿ ಮಕ್ಕಳ ಮೈ ಸೇರುತ್ತದೆ. ಮುದ್ರೆ ಹುಡುಕುವ ಕೆಲಸ ಹದಿಮೂರರ ಹುಡುಗಿಯೊಬ್ಬಳು ವಹಿಸಿಕೊಂಡಳು. ನಾನು ಆಸೆಯಿಂದ ಎತ್ತಿಟ್ಟಿದ್ದ ಎರಡು ಚಂದದ ಪ್ಯಾಲೆಟ್‌ಗಳನ್ನೂ ಮುಲಾಜಿಲ್ಲದೆ ಆಚೆ ಹಾಕಿಸಿದಳು.

ಮೊಳೆ ಹೊಡೆಯುವುದು ಎಲ್ಲರಿಗೂ ಖುಷಿ. ಅಭ್ಯಾಸಕ್ಕೆಂದು ಒಂದು ಮರದ ದಿಮ್ಮಿ ಕೊಟ್ಟು, ಎಷ್ಟು ಬೇಕೋ ಹೊಡೆಯಿರಿ ಅಂದೆ. ಆದರೆ ಕಟ್ಟಡಕ್ಕೆ ಒಂದು ಮೊಳೆಯೂ ಇಲ್ಲ. ಚೌಕಟ್ಟಿಗೆಲ್ಲ 10 ಮಿಲಿಮೀಟರ್ ಬೋಲ್ಟ್, ಹಲಗೆಗೆ ಸ್ಕ್ರೂ. ಕಾಂಕ್ರೀಟ್ ಹಾಕದ ಇನ್ನೊಂದು ಕಾರಣವೂ ಇದೇ. ಬಾಲಮಂದಿರದಲ್ಲಿ ಮಕ್ಕಳು ಬರುತ್ತಿರುತ್ತಾರೆ, ಹೋಗುತ್ತಿರುತ್ತಾರೆ. ಈ ವರ್ಷದವರು ಕಟ್ಟಿದ್ದು ಮುಂದಿನ ವರ್ಷ ಬಂದವರಿಗೆ ಬರೀ ಬೇರೆಯವರ ಬೆಂಚು. ಅವರೂ ಬಿಚ್ಚಬೇಕು, ಬೇರೆ ಕಡೆ ಜೋಡಿಸಬೇಕು. ಅದಕ್ಕೆ ಒಂದು ಸ್ಪ್ಯಾನರ್ ಸಾಕಾಗಬೇಕು.

ಇದು ನನ್ನ ತಲೆಯಿಂದ ಬಂದ ಹೊಸ ವಿಚಾರವೇನಲ್ಲ. 1943ರಲ್ಲಿ, ಜರ್ಮನರ ಹಿಡಿತದಲ್ಲಿದ್ದ ಕೋಪನ್‌ಹೇಗನ್‌ನ ಎಮ್ದ್ರುಪ್ ಎಂಬಲ್ಲಿ ಹಳೇ ಸಾಮಾನಿನ ಆಟದಂಗಳ ಶುರುವಾಯಿತು. ಅದರ ಹಿಂದಿದ್ದವರು ಭೂದೃಶ್ಯ ವಿನ್ಯಾಸಕಾರ ಸಿ. ಟಿ. ಸೋರೆನ್ಸನ್. ತಾವು ಮಾಡಿಕೊಟ್ಟ ಅಚ್ಚುಕಟ್ಟು ಆಟದ ಮೈದಾನಗಳಿಗಿಂತ, ಕಟ್ಟಡ ಕೆಲಸ ನಡೆಯುವ ಕಡೆ ಬಿದ್ದ ಸಾಮಾನಿನಲ್ಲೇ ಮಕ್ಕಳು ಜಾಸ್ತಿ ಆಡುತ್ತಾರೆ ಅನ್ನುವುದನ್ನು ಅವರು ಗಮನಿಸಿದ್ದರು. ಎಮ್ದ್ರುಪ್‌ನಲ್ಲಿ ಮಕ್ಕಳು ಕಟ್ಟುತ್ತಿದ್ದರು, ಕೆಡವುತ್ತಿದ್ದರು, ಮತ್ತೆ ಕಟ್ಟುತ್ತಿದ್ದರು. ಇದನ್ನು ಹೇಳಿದಾಗ ಒಬ್ಬ ಕೇಳಿದ್ದು, "ಕೆಡವಿದ್ರೆ ಬೈತಿರ್ಲಿಲ್ವಾ?"

ಬೋಲ್ಟಿನ ಗುಂಡುತಲೆ ಕೂರುವವರ ಕಡೆ, ನಟ್ ಆಚೆ. ನಟ್‌ಗಳು ಒಳಗೆ ನೈಲಾನ್ ಬಳೆ ಇರುವಂಥವು, ಅಲುಗಾಟಕ್ಕೆ ತಾವಾಗಿ ಸಡಿಲಾಗುವುದಿಲ್ಲ. ಮರದೊಳಗೆ ಹೂತುಹೋಗದಂತೆ ನಟ್ ಕೆಳಗೆ ಅಗಲ ವಾಷರ್. ನಟ್ ದಾಟಿ ಹೊರಚಾಚಿದ ಬೋಲ್ಟಿನ ಸುರುಳಿ ಭಾಗವನ್ನು ಕತ್ತರಿಸಿ ಟೋಪಿ ಹಾಕಿದೆವು. ವಿದ್ಯುತ್ ಡ್ರಿಲ್ ನಾನು ಅಥವಾ ದೊಡ್ಡವರಿಬ್ಬರು ಕನ್ನಡಕ ಹಾಕಿಕೊಂಡು ಹಿಡಿದೆವು. ಸ್ಕ್ರೂಗೆ ಮೊದಲು ಸಣ್ಣ ತೂತು ಕೊರೆಯುವುದು ಕೈಡ್ರಿಲ್ಲಿನಲ್ಲಿ, ಅದು ಎಲ್ಲರ ಕೆಲಸ. ಆ ತೂತು ಇಲ್ಲದಿದ್ದರೆ ಪ್ಯಾಲೆಟ್ ಹಲಗೆಯ ತುದಿ ಸೀಳಿಬಿಡುತ್ತದೆ.

ಮಣ್ಣಿನ ಗಿಲಾವು

ಅಂಗೈ ಅಚ್ಚು ಹಾಕಬೇಕು ಅಂತ ಬಹಳ ಜನರಿಗೆ ಆಸೆ. ಸಿಮೆಂಟಿನಲ್ಲಿ ಹಾಕೋಣ ಅಂದರು. ಹಸಿ ಸಿಮೆಂಟು ಕಟು ಕ್ಷಾರ, ಪಿಎಚ್ 12ಕ್ಕೂ ಮೇಲೆ, ಚರ್ಮ ಸುಡುತ್ತದೆ, ಸುಟ್ಟದ್ದು ತಕ್ಷಣ ಗೊತ್ತೂ ಆಗುವುದಿಲ್ಲ. ಹಾಗಾಗಿ ಮಣ್ಣು.

ಹಿತ್ತಲ ಮಣ್ಣನ್ನೇ ಗಾಜಿನ ಬಾಟಲಿಗೆ ಹಾಕಿ, ನೀರು ಸೇರಿಸಿ, ಕುಲುಕಿ ಇಟ್ಟೆವು. ಮರಳು ತಕ್ಷಣ ತಳ ಸೇರುತ್ತದೆ, ನಡುವೆ ಹೂಳು, ಜೇಡಿ ಎಲ್ಲಕ್ಕಿಂತ ಮೇಲೆ ನಿಧಾನಕ್ಕೆ ಕೂರುತ್ತದೆ. ಯಾವುದು ಎಷ್ಟು ಅಂತ ಕಣ್ಣಿಗೇ ಕಾಣುತ್ತದೆ. ನಮ್ಮದರಲ್ಲಿ ಜೇಡಿ ಜಾಸ್ತಿ. ಹಳೇ ಹಲಗೆ ತುಂಡುಗಳ ಮೇಲೆ ಬೇರೆ ಬೇರೆ ಪಾಕ ಬಳಿದು ಒಣಗಿಸಿದೆವು. ಬಿರುಕು ಬಿಟ್ಟದ್ದಕ್ಕೆ ಮರಳು ಕಮ್ಮಿ, ಉಜ್ಜಿದರೆ ಪುಡಿ ಉದುರುವುದಕ್ಕೆ ಜೇಡಿ ಕಮ್ಮಿ. ಗೆದ್ದದ್ದು ಒಂದು ಪಾಲು ಮಣ್ಣಿಗೆ ಎರಡು ಪಾಲು ಮರಳು, ಜೊತೆಗೆ ಬೆರಳುದ್ದ ಕತ್ತರಿಸಿದ ಒಣಹುಲ್ಲು ಎರಡು ಹಿಡಿ. ಹುಲ್ಲು ಬಿರುಕನ್ನು ಹಿಡಿದಿಡುತ್ತದೆ.

ಮರೆಯ ಹಲಗೆಗಳ ನಡುವೆ 7 ಮಿಲಿಮೀಟರ್ ಸಂದಿ ಬಿಟ್ಟಿದ್ದೆವು. ಒಳಗಿನಿಂದ ಮಣ್ಣು ಒತ್ತಿದರೆ ಸಂದಿಯಲ್ಲಿ ತೂರಿ ಆಚೆ ಕಡೆ ಉಬ್ಬಿಕೊಂಡು ಕಚ್ಚಿ ಹಿಡಿಯುತ್ತದೆ. ಹಲಗೆಗೆ ಮೊದಲು ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಒಣಮರ ಮಣ್ಣಿನ ನೀರು ಕುಡಿದುಬಿಡುತ್ತದೆ. ಎರಡು ಸೆಂಟಿಮೀಟರ್ ದಪ್ಪ. ಕರಣೆ ಹಿಡಿದವರಿಗಿಂತ ಬರಿಗೈಯವರೇ ಬೇಗ ಮುಗಿಸಿದರು. ಮೇಲೆ ಮಳೆಗೆ ಅಡ್ಡವಾಗಿ ಹೊರಚಾಚಿದ ಹಲಗೆ ಇದೆ, ಕೆಳಗೆ 25 ಸೆಂಟಿಮೀಟರ್ ತೆರಪು ಇರುವುದರಿಂದ ನೆಲದ ಹನಿ ಅಷ್ಟಾಗಿ ಸಿಡಿಯುವುದಿಲ್ಲ. ಹೀಗಿದ್ದರೂ ಮಣ್ಣು ಸವೆಯುತ್ತದೆ. ಸವೆಯಲಿ. ಮತ್ತೆ ಬಳಿಯುವಾಗ ಆಗ ಇರುವವರ ಅಂಗೈ ಬೀಳುತ್ತದೆ.

ಬೆಂಚಿಗೆ ಅಗಸೆ ಎಣ್ಣೆ ಹಚ್ಚಿದೆವು. ಇಲ್ಲಿ ಒಂದು ಮಾತು ಜೋರಾಗಿ ಹೇಳಬೇಕು: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಸೇರಿ ಒಣಗುವಾಗ ಬಿಸಿಯಾಗುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ, ಇಲ್ಲವೇ ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಿ.

ಖಾಲಿ ಬಿಟ್ಟ ಅಂಕಣ

ಮೂರು ಅಂಕಣಗಳಲ್ಲಿ ಎರಡಕ್ಕೆ ಮಾತ್ರ ಮರೆ ಹಾಕಿದ್ದೇವೆ. ಮೂರನೆಯದರಲ್ಲಿ ಕಂಬ ಇದೆ, ಬೋಲ್ಟಿಗೆ ತೂತು ಕೊರೆದಿದೆ, ಹಲಗೆ ಇಲ್ಲ. ಬಂದವರೆಲ್ಲ 'ಇದನ್ನೂ ಮುಗಿಸಿಬಿಡಿ' ಅನ್ನುತ್ತಾರೆ. ನೋಡಲು ಅರೆಬರೆ ಕಾಣುತ್ತದೆ ನಿಜ. ಆದರೆ ಅದು ಇನ್ನೂ ಬಾರದವರ ಪಾಲು.

ಕೆಲಸದ ನಡುವೆಯೇ ಒಬ್ಬ ಹುಡುಗ ಸಂಬಂಧಿಕರ ಮನೆಗೆ ಹೋದ. ಹಿಂದಿನ ದಿನ ಹೇಳಿದರು, ಬೆಳಿಗ್ಗೆ ಹೊರಟ. ಅವನು ಅರ್ಧ ಕೊಯ್ದ ಹಲಗೆ ಕಟ್ಟೆಯ ಮೇಲೆ ಹಾಗೇ ಉಳಿಯಿತು, ಪೆನ್ಸಿಲ್ ಗೆರೆಯ ಪಕ್ಕ '148, ಎರಡು ಸಲ ಅಳೆದಿದೆ' ಅಂತ ಅವನ ಅಕ್ಷರ. ಮುಟ್ಟಬಾರದು ಅಂತ ಕೆಲವರು. ಅಳತೆ ಸರಿ ಇದೆ, ಸುಮ್ನೆ ಯಾಕೆ ಬಿಡಬೇಕು ಅಂತ ಕೆಲವರು. ಕೊನೆಗೆ ಅವನ ಜೊತೆ ಜಾಸ್ತಿ ಜಗಳ ಆಡುತ್ತಿದ್ದವನೇ ಕೊಯ್ದು ಬೆಂಚಿಗೆ ಹಾಕಿದ, ಬರಹದ ಮಗ್ಗಲು ಕೆಳಗೆ ಮಾಡಿ.

ಅದಾದ ಮೇಲೆ ಕೆಲಸದ ಪುಸ್ತಕ ಶುರುವಾಯಿತು. ಉಪಕರಣದ ಹಲಗೆಗೆ ದಾರ ಕಟ್ಟಿ ನೇತುಹಾಕಿದ್ದಾರೆ. ಬೋಲ್ಟಿನ ಅಳತೆ, ಯಾವ ಸ್ಪ್ಯಾನರ್, ಮಣ್ಣಿನ ಪಾಕ, ಮರೆಯ ಎತ್ತರ ಯಾಕೆ 110, ಎಲ್ಲ ಅವರ ಭಾಷೆಯಲ್ಲೇ ಇದೆ. ವರ್ಷಕ್ಕೊಮ್ಮೆ ಎಲ್ಲ ನಟ್ ಬಿಗಿ ಮಾಡಿ, ಕಂಬದ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಮೆತ್ತಗೆ ಒಳಗೆ ಹೋದರೆ ಕೊಳೆತಿದೆ ಅಂತಲೂ ಇದೆ. ಆ ಕೊನೆಯ ಸಾಲಿನ ಕೆಳಗೆ ಯಾರೋ ಎರಡು ಗೆರೆ ಎಳೆದಿದ್ದಾರೆ.

ಈಗ ನಡೆಯುತ್ತಿರುವ ಜಗಳ ನೆರಳಿನದು. ಮಧ್ಯಾಹ್ನ ಬೆಂಚು ಸುಡುತ್ತದೆ, ಮೇಲೆ ಬಟ್ಟೆಯ ಚಪ್ಪರ ಬೇಕು ಅಂತ ಮಕ್ಕಳು. ಚಪ್ಪರ ಬಂದರೆ ಮೇಲಿನ ವರಾಂಡದಿಂದ ಏನೂ ಕಾಣುವುದಿಲ್ಲ ಅಂತ ಸಿಬ್ಬಂದಿ. ಗೋಡೆಯ ಕಡೆ ಅರ್ಧಕ್ಕೆ ಮಾತ್ರ ಹಾಕಿದರೆ ಹೇಗೆ, ಬೇಕಾದಾಗ ಮಡಚುವಂತಿದ್ದರೆ ಹೇಗೆ ಅಂತ ಮಾತು ನಡೆದಿದೆ. ಕಂಬ ನೆಲದ ಮೇಲೆ 120 ಸೆಂಟಿಮೀಟರ್ ಮಾತ್ರ ಇರುವುದರಿಂದ ಅದಕ್ಕೆ ಎತ್ತರದ ಕೋಲು ಬೋಲ್ಟ್ ಹಾಕಿ ಜೋಡಿಸಬೇಕು. ಎಷ್ಟು ಎತ್ತರ ಅನ್ನುವುದನ್ನು ಬೆಡ್‌ಶೀಟ್ ಕಟ್ಟಿಯೇ ನೋಡಬೇಕು.